ಆರ್‌ವಿಗೆ ಎಷ್ಟು ದೊಡ್ಡ ಜನರೇಟರ್ ಬೇಕು?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಬೇಸಗೆ ರಜೆಯ ಮಾತು ಶುರುವಾದರೆ ಆರ್‌ವಿಯ ಪ್ರಸ್ತಾಪ ಬಂದೇ ಬರುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮೂರು ಹೊತ್ತೂ ಹೋಟೆಲ್ ಊಟ ಅವರಿಗೆ ಒಗ್ಗುವುದಿಲ್ಲ, ಮಕ್ಕಳಿಗೆ ಕಾಡು ಬೆಟ್ಟ ನೋಡುವ ಆಸೆ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಜೊತೆಗೇ ಬರುವ ವಾಹನಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ತೊಡಕು ಬರುವುದು ವಿದ್ಯುತ್ತಿನಲ್ಲಿ. ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ಕಂಬಕ್ಕೆ ಪ್ಲಗ್ ಸಿಕ್ಕಿಸಿದರೆ ಮುಗಿಯಿತು. ರಾಷ್ಟ್ರೀಯ ಉದ್ಯಾನಗಳ ಒಳಗಿನ ಬಹುತೇಕ ಕ್ಯಾಂಪ್‌ಗ್ರೌಂಡುಗಳಲ್ಲಿ ಆ ಕಂಬವೇ ಇರುವುದಿಲ್ಲ. ಯೊಸೆಮಿಟಿಯ ಸರ್ಕಾರಿ ಕ್ಯಾಂಪ್‌ಗ್ರೌಂಡುಗಳಲ್ಲಂತೂ ಒಂದರಲ್ಲೂ ಇಲ್ಲ. ಅಲ್ಲಿ ಜನರೇಟರೇ ಗತಿ.

ಯಾವ ಗಾತ್ರದ್ದು ಎಂದು ಕೇಳಿದರೆ ಅಂಗಡಿಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ದೊಡ್ಡದನ್ನೇ ಒಯ್ಯಿರಿ, ಕೊರತೆಯಾಗುವುದಿಲ್ಲ. ನಾನು ಇದನ್ನು ಒಪ್ಪುವುದಿಲ್ಲ. ಅಗತ್ಯಕ್ಕಿಂತ ದೊಡ್ಡ ಜನರೇಟರ್ ಎಂದರೆ ಹೆಚ್ಚು ಭಾರ, ಹೆಚ್ಚು ಪೆಟ್ರೋಲ್, ಹೆಚ್ಚು ಸದ್ದು, ಪಕ್ಕದ ಟೆಂಟಿನವರ ಕೆಂಗಣ್ಣು. ಆರ್‌ವಿಯಲ್ಲಿರುವ ಎಲ್ಲ ಉಪಕರಣಗಳ ವ್ಯಾಟ್ ಕೂಡಿಸಿ ಗಾತ್ರ ನಿರ್ಧರಿಸುವುದೂ ತಪ್ಪು ದಾರಿ. ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ದಿನದ ಅತಿ ಭಾರದ ಹತ್ತು ನಿಮಿಷಗಳಲ್ಲಿ ಯಾವ ಯಾವ ಉಪಕರಣ ಒಟ್ಟಿಗೆ ಓಡುತ್ತಿರುತ್ತದೆ, ಮತ್ತು ಆ ಹೊತ್ತಿನಲ್ಲಿ ನೀವು ಎಷ್ಟು ಎತ್ತರದಲ್ಲಿರುತ್ತೀರಿ?

ಮೊದಲು ಎ.ಸಿ.ಯ ತೀರ್ಮಾನ

ಎ.ಸಿ.ಯನ್ನು ಜನರೇಟರಿನಿಂದ ಓಡಿಸುತ್ತೀರೋ ಇಲ್ಲವೋ? ಉಳಿದ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಎ.ಸಿ. ಬೇಡವೆಂದಾದರೆ ಬ್ಯಾಟರಿ ಚಾರ್ಜು, ಮೈಕ್ರೊವೇವ್, ಲ್ಯಾಪ್‌ಟಾಪ್, ಒಂದಿಷ್ಟು ಮಿಕ್ಸಿ ಕೆಲಸಕ್ಕೆ 2,000 ವ್ಯಾಟ್ ವರ್ಗದ ಸಣ್ಣ ಇನ್ವರ್ಟರ್ ಜನರೇಟರ್ (ಭಾರಕ್ಕೆ ತಕ್ಕಂತೆ ಎಂಜಿನ್ನಿನ ವೇಗ ಬದಲಿಸುವ, ಸದ್ದು ಕಡಿಮೆಯ ಪೆಟ್ರೋಲ್ ಯಂತ್ರ) ಸಾಕು. ಒಂದೇ ಕೈಯಲ್ಲಿ ಎತ್ತಿ ಇಳಿಸಬಹುದು. ಜೂನ್ ತಿಂಗಳಲ್ಲಿ ಯೆಲ್ಲೊಸ್ಟೋನಿಗೆ ಹೋಗುವವರಿಗೆ ರಾತ್ರಿ ಬೇಕಾಗುವುದು ಹೀಟರ್. ಅದು ಪ್ರೊಪೇನಿನಲ್ಲಿ ಉರಿಯುತ್ತದೆ, ಅದರ ಫ್ಯಾನ್ ಬ್ಯಾಟರಿಯಲ್ಲಿ ತಿರುಗುತ್ತದೆ.

ಎ.ಸಿ. ಬೇಕೇ ಬೇಕು ಎನ್ನುವವರು, ಅಂದರೆ ಜುಲೈನಲ್ಲಿ ಅರಿಜೋನಾ, ಯೂಟಾ, ಟೆಕ್ಸಸ್ ಕಡೆ ಹೊರಟವರು, ವಯಸ್ಸಾದವರನ್ನೋ ನಾಯಿಯನ್ನೋ ಜೊತೆಗೆ ಕರೆದೊಯ್ಯುವವರು, ಮುಂದೆ ಓದಬೇಕು.

ಇಲ್ಲೇ ಇನ್ನೊಂದು ವಿಷಯ ನೋಡಿಕೊಳ್ಳಿ. ನಿಮ್ಮ ಆರ್‌ವಿ 30 ಆಂಪಿಯರಿನದೋ 50 ಆಂಪಿಯರಿನದೋ? ವಾಹನದ ಮುಖ್ಯ ಕೇಬಲ್ಲಿನ ಪ್ಲಗ್ಗಿಗೆ ಮೂರು ಕಡ್ಡಿಗಳಿದ್ದರೆ 30, ನಾಲ್ಕಿದ್ದರೆ 50. ಅಮೆರಿಕದ ವೋಲ್ಟೇಜ್ 120 ಆದ್ದರಿಂದ 30 ಆಂಪಿಯರ್ ವಾಹನ ಎಳೆಯಬಲ್ಲದ್ದು ಗರಿಷ್ಠ 3,600 ವ್ಯಾಟ್. ಅದನ್ನು ಮೀರಿದರೆ ಒಳಗಿನ ಬ್ರೇಕರ್ ಬೀಳುತ್ತದೆ. ಇಂಥ ಟ್ರೈಲರಿಗೆ, ಅಂದರೆ ಬೇರೆ ವಾಹನ ಎಳೆದೊಯ್ಯುವ ಆರ್‌ವಿಗೆ, 7,000 ವ್ಯಾಟ್ ಜನರೇಟರ್ ತಂದರೆ ಅರ್ಧ ಹಣ ನೀರಿಗೆ ಹಾಕಿದಂತೆ. 50 ಆಂಪಿಯರ್ ವಾಹನಕ್ಕೆ 120 ವೋಲ್ಟಿನ ಎರಡು ಸಾಲುಗಳಿದ್ದು ಒಟ್ಟು 12,000 ವ್ಯಾಟ್ ಬರಬಹುದು. ಹಾಗೆಂದು 12,000 ವ್ಯಾಟಿನ ಜನರೇಟರ್ ಹುಡುಕಬೇಕಿಲ್ಲ. ಎರಡು ಎ.ಸಿ. ಇರುವ, ಸ್ವಂತ ಎಂಜಿನ್ನಿನಲ್ಲಿ ಓಡುವ ಪೆಟ್ರೋಲ್ ಮೋಟರ್‌ಹೋಮುಗಳಲ್ಲಿ ತಯಾರಕರೇ 5,500 ವ್ಯಾಟಿನ ಜನರೇಟರ್ ಕೂರಿಸಿರುವುದು ಸಾಮಾನ್ಯ.

ಫಲಕ ಓದುವುದು

ಪ್ರತಿ ಉಪಕರಣದ ಹಿಂಭಾಗದಲ್ಲೋ ಅಡಿಯಲ್ಲೋ ಒಂದು ಸಣ್ಣ ಫಲಕವಿರುತ್ತದೆ. ಅದರಲ್ಲಿ ವ್ಯಾಟ್ ಇಲ್ಲದಿದ್ದರೆ ಆಂಪಿಯರ್ ಇರುತ್ತದೆ. 120ರಿಂದ ಗುಣಿಸಿದರೆ ವ್ಯಾಟ್ ಬಂತು. ಆರ್‌ವಿಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿಗಳು ಹೀಗಿವೆ:

– 13,500 ಬಿ.ಟಿ.ಯು. (ತಂಪು ಮಾಡುವ ಸಾಮರ್ಥ್ಯದ ಅಳತೆ) ಎ.ಸಿ.: ಓಡುವಾಗ 1,300ರಿಂದ 1,500 ವ್ಯಾಟ್, ಶುರುವಾಗುವಾಗ 2,800ರ ಆಸುಪಾಸು
– 15,000 ಬಿ.ಟಿ.ಯು. ಎ.ಸಿ.: ಓಡುವಾಗ 1,500ರಿಂದ 1,800, ಶುರುವಾಗುವಾಗ 3,300ರಿಂದ 3,500
– ಮೈಕ್ರೊವೇವ್: ಸುಮಾರು 1,500
– ನೀರು ಕಾಯಿಸುವ ವಿದ್ಯುತ್ ಕಾಯಿಲ್: ಸುಮಾರು 1,400
– ಇಂಡಕ್ಷನ್ ಒಲೆ, ಹೇರ್ ಡ್ರೈಯರ್: 1,500ರಿಂದ 1,800
– ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್: ಸುಮಾರು 1,000
– ಮಿಕ್ಸಿ: 550ರಿಂದ 750
– ಪ್ರೊಪೇನಿನಲ್ಲೂ ಓಡುವ ಫ್ರಿಜ್, ವಿದ್ಯುತ್ತಿನಲ್ಲಿದ್ದಾಗ: 300ರಿಂದ 400
– ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್: ಬ್ಯಾಟರಿ ಬರಿದಾಗಿದ್ದರೆ 800ರಿಂದ 1,000

ಮೈಕ್ರೊವೇವಿನ ಬಾಗಿಲ ಮೇಲೆ 1,000 ವ್ಯಾಟ್ ಎಂದು ಬರೆದಿರುತ್ತದೆ. ಅದು ಆಹಾರಕ್ಕೆ ತಲುಪುವ ಶಕ್ತಿ. ಗೋಡೆಯಿಂದ ಎಳೆಯುವುದು ಅದರ ಒಂದೂವರೆ ಪಟ್ಟು. ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಇವೆಲ್ಲ 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತವೆ, ಪಟ್ಟಿಗೆ ಸೇರಿಸಬೇಡಿ. ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊತ್ತು ತಂದ 230 ವೋಲ್ಟಿನ ಮಿಕ್ಸಿಯನ್ನು ಮನೆಯಲ್ಲೇ ಬಿಡಿ. ಇಲ್ಲಿ ಅದು ಚಟ್ನಿ ಅರೆಯುವಷ್ಟು ವೇಗ ಹಿಡಿಯುವುದೇ ಇಲ್ಲ. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ 110 ವೋಲ್ಟಿನ ಮಿಕ್ಸಿಗಳು ಸಿಗುತ್ತವೆ.

ಪಟ್ಟಿಯ ಕೊನೆಯ ಎರಡು ಸಾಲುಗಳ ಬಗ್ಗೆ ಎಚ್ಚರ ಬೇಕು, ಏಕೆಂದರೆ ಅವು ನಿಮ್ಮನ್ನು ಕೇಳಿ ಶುರುವಾಗುವುದಿಲ್ಲ. ಫ್ರಿಜ್ ‘ಆಟೊ’ದಲ್ಲಿದ್ದರೆ ಜನರೇಟರ್ ಹೊತ್ತಿಕೊಂಡ ತಕ್ಷಣ ಪ್ರೊಪೇನ್ ಬಿಟ್ಟು ವಿದ್ಯುತ್ತಿಗೆ ಹಾರುತ್ತದೆ. ಕನ್ವರ್ಟರ್ ರಾತ್ರಿಯಿಡೀ ಬರಿದಾದ ಬ್ಯಾಟರಿಗೆ ಒಮ್ಮೆಲೇ ತುಂಬಲು ಹೊರಡುತ್ತದೆ. ಹಿಂದಿನ ಕಂಬದ ಬಳಿ ಒತ್ತಿದ್ದ ವಾಟರ್ ಹೀಟರಿನ ಸ್ವಿಚ್ ಹಾಗೇ ಉಳಿದಿದ್ದರೆ ಅದೂ ಸೇರುತ್ತದೆ. ಹೀಗೆ ಯಾರೂ ಏನನ್ನೂ ಹಾಕುವ ಮೊದಲೇ 2,500 ವ್ಯಾಟ್ ಹೋಗಿರುತ್ತದೆ. ಜನರೇಟರ್ ಚಿಕ್ಕದಾಯಿತು ಎಂದು ದೂರುವ ಎಷ್ಟೋ ಮಂದಿಗೆ ಬೇಕಾಗಿರುವುದು ಹೊಸ ಯಂತ್ರವಲ್ಲ. ಫ್ರಿಜ್ಜನ್ನು ಪ್ರೊಪೇನಿಗೆ ತಿರುಗಿಸಿ, ವಾಟರ್ ಹೀಟರಿನ ವಿದ್ಯುತ್ ಸ್ವಿಚ್ ಆರಿಸಿದರೆ ಅರ್ಧ ದೂರು ಅಲ್ಲೇ ತೀರುತ್ತದೆ.

ಪೆಟ್ಟಿಗೆಯ ಮೇಲಿನ ದಪ್ಪಕ್ಷರ

ಜನರೇಟರಿನ ಪೆಟ್ಟಿಗೆಯ ಮೇಲೆ ದಪ್ಪಗೆ ಅಚ್ಚಾಗಿರುವುದು ಅದು ಕೆಲವೇ ಕ್ಷಣ ಕೊಡಬಲ್ಲ ಗರಿಷ್ಠ ಶಕ್ತಿ. ಗಂಟೆಗಟ್ಟಲೆ ಕೊಡಬಲ್ಲ ಶಕ್ತಿ ಒಳಗಿನ ಕೈಪಿಡಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಕ್ಯಾಂಪರುಗಳ ನಡುವೆ ಬಹಳ ಜನಪ್ರಿಯವಾದ ಹೋಂಡಾ ಇಯು2200ಐ ತೆಗೆದುಕೊಳ್ಳಿ: ಗರಿಷ್ಠ 2,200, ಸತತವಾಗಿ 1,800 ವ್ಯಾಟ್. ಇಯು3000ಐಎಸ್ ಎಂಬುದು ಗರಿಷ್ಠ 3,000, ಸತತ 2,800. ಎರಡನೆಯದರಲ್ಲಿ ಅಂತರ ಕಡಿಮೆ. ಅಗ್ಗದ ಮಾದರಿಗಳಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಎರಡು ಕಂಪನಿಗಳ ಯಂತ್ರಗಳನ್ನು ಹೋಲಿಸುವಾಗ ಸಣ್ಣಕ್ಷರದ ಸಂಖ್ಯೆಯನ್ನೇ ಹೋಲಿಸಿ.

ಗರಿಷ್ಠ ಶಕ್ತಿ ಕೆಲಸಕ್ಕೆ ಬರುವುದು ಎ.ಸಿ. ಶುರುವಾಗುವ ಗಳಿಗೆಯಲ್ಲಿ. ನಿಂತ ಗಾಡಿಯನ್ನು ತಳ್ಳುವವನಿಗೆ ಮೊದಲ ಹೆಜ್ಜೆಯೇ ಭಾರ. ಕಂಪ್ರೆಸರಿನ ಮೋಟರಿಗೂ ಹಾಗೆಯೇ. ಜನರೇಟರಿನ ಪಕ್ಕದಲ್ಲಿ ನಿಂತರೆ ಅದು ಕಿವಿಗೇ ಕೇಳಿಸುತ್ತದೆ. ಎ.ಸಿ.ಯ ಫ್ಯಾನ್ ಹಾಕಿದಾಗ ಎಂಜಿನ್ ಸ್ವಲ್ಪ ದನಿ ಏರಿಸಿ ಸುಮ್ಮನಾಗುತ್ತದೆ. ತುಸು ಹೊತ್ತಿಗೆ ಚಾವಣಿಯಿಂದ ‘ಧಡ್’ ಎಂಬ ಸದ್ದು, ಎಂಜಿನ್ ಉಸಿರು ಕಟ್ಟಿದಂತೆ ತಗ್ಗುತ್ತದೆ, ಮರುಕ್ಷಣ ರೊಯ್ಯೆಂದು ಏರುತ್ತದೆ. ಹಸಿರು ದೀಪ ಹಸಿರಾಗಿಯೇ ಉಳಿದರೆ ಗೆದ್ದಿರಿ. ಕೆಂಪು ದೀಪ ಹತ್ತಿತೆಂದರೆ ಎಂಜಿನ್ ಓಡುತ್ತಲೇ ಇರುತ್ತದೆ, ಆದರೆ ಔಟ್‌ಲೆಟ್ಟಿನಲ್ಲಿ ವಿದ್ಯುತ್ ಇಲ್ಲ.

ಇದಕ್ಕೆ ಒಳ್ಳೆಯ ಪರಿಹಾರ ಸಾಫ್ಟ್ ಸ್ಟಾರ್ಟರ್. ಅಂಗೈಯಗಲದ ಈ ಪೆಟ್ಟಿಗೆಯನ್ನು ಚಾವಣಿಯ ಎ.ಸಿ.ಯೊಳಗೆ ಕಂಪ್ರೆಸರಿನ ತಂತಿಗಳಿಗೆ ಜೋಡಿಸುತ್ತಾರೆ. ಅದು ಮೋಟರಿಗೆ ವಿದ್ಯುತ್ತನ್ನು ಮೆಲ್ಲಗೆ ಬಿಡುತ್ತದೆ, ಶುರುವಿನ ಎಳೆತವನ್ನು ಅರ್ಧಕ್ಕೂ ಹೆಚ್ಚು ಇಳಿಸುತ್ತದೆ. ಬೆಲೆ ಕೆಲವು ನೂರು ಡಾಲರ್. ಒಂದು ವರ್ಗ ದೊಡ್ಡದಾದ ಜನರೇಟರ್ ಕೊಳ್ಳುವುದಕ್ಕಿಂತ ಇದಕ್ಕೆ ಹಣ ಹಾಕುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಮಿತಿ ನೆನಪಿರಲಿ: ಅದು ಶುರುವಿನ ಎಳೆತವನ್ನು ಮಾತ್ರ ಇಳಿಸುತ್ತದೆ, ಓಡುವಾಗಿನ 1,500 ವ್ಯಾಟ್ ಹಾಗೆಯೇ ಇರುತ್ತದೆ. ಸುಡುಬಿಸಿಲಿನಲ್ಲಿ ಆ ಅಂಕಿಯೂ ಮೇಲೇರುತ್ತದೆ.

ಎ.ಸಿ. ಓಡಿಸುವಾಗ ಜನರೇಟರಿನ ‘ಇಕೊ’ ಸ್ವಿಚ್ ಆರಿಸಿಡಿ. ಇಕೊದಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತಿರುತ್ತದೆ, ಕಂಪ್ರೆಸರ್ ಹಠಾತ್ತನೆ ಎಳೆದಾಗ ವೇಗ ಹಿಡಿಯುವಷ್ಟರಲ್ಲಿ ವೋಲ್ಟೇಜ್ ಕುಸಿದಿರುತ್ತದೆ. ಎ.ಸಿ. ಆರಿಸಿದ ಮೇಲೆ ಐದು ನಿಮಿಷ ಬಿಟ್ಟೇ ಮತ್ತೆ ಹಾಕಿ. ಕೊಳವೆಗಳಲ್ಲಿನ ಒತ್ತಡ ಸಮವಾಗುವ ಮುನ್ನ ಹಾಕಿದರೆ ಕಂಪ್ರೆಸರ್ ತಿರುಗಲಾರದೆ ಮಾಮೂಲಿಗಿಂತ ಹೆಚ್ಚು ಎಳೆಯುತ್ತದೆ.

ಎತ್ತರದ ಕಡಿತ

ಹೆಚ್ಚಿನವರು ಬಿಟ್ಟುಬಿಡುವ ಲೆಕ್ಕ ಇದು. ಎತ್ತರ ಏರಿದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನಿಗೆ ಆಮ್ಲಜನಕ ಸಾಲದು. ಪ್ರತಿ 1,000 ಅಡಿಗೆ ಸುಮಾರು ಶೇ 3.5ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಅತಿ ಎತ್ತರಕ್ಕೆಂದು ಕಾರ್ಬ್ಯುರೇಟರಿನ ಬೇರೆ ಜೆಟ್ (ಇಂಧನ ಹಾಯುವ ಸಣ್ಣ ರಂಧ್ರದ ಭಾಗ) ಸಿಗುತ್ತದೆ. ಅದು ಇಂಧನದ ಮಿಶ್ರಣವನ್ನು ಸರಿಪಡಿಸುತ್ತದೆಯೇ ಹೊರತು ಈ ಕಡಿತವನ್ನು ಅಳಿಸುವುದಿಲ್ಲ.

ಯೆಲ್ಲೊಸ್ಟೋನ್ ಸರೋವರದ ದಡ 7,700 ಅಡಿ ಎತ್ತರದಲ್ಲಿದೆ. ಅಲ್ಲಿ ಶೇ 27ರಷ್ಟು ಹೋಗುತ್ತದೆ, 1,800 ವ್ಯಾಟಿನ ಯಂತ್ರ 1,300ಕ್ಕೆ ಇಳಿಯುತ್ತದೆ. ಆದರೆ ಅಂಥ ಎತ್ತರದಲ್ಲಿ ಎ.ಸಿ.ಯ ಅಗತ್ಯವೇ ಅಪರೂಪ. ನಿಜವಾದ ಪರೀಕ್ಷೆ ನಡುವಿನ ಎತ್ತರದ ಬಿಸಿ ಊರುಗಳಲ್ಲಿ. ಯೂಟಾದ ಮೋಆಬ್ ಇದಕ್ಕೆ ತಕ್ಕ ಉದಾಹರಣೆ: ಆರ್ಚಸ್ ಉದ್ಯಾನದ ಬಾಗಿಲಲ್ಲೇ ಇರುವ ಊರು, ಎತ್ತರ 4,000 ಅಡಿ, ಜುಲೈ ಮಧ್ಯಾಹ್ನಗಳಲ್ಲಿ ತಾಪ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವುದು ಮಾಮೂಲು.

25 ಅಡಿಯ, 30 ಆಂಪಿಯರಿನ, 13,500 ಬಿ.ಟಿ.ಯು. ಎ.ಸಿ.ಯ ಟ್ರೈಲರ್ ಅಲ್ಲಿದೆ ಎಂದುಕೊಳ್ಳಿ. ಮಧ್ಯಾಹ್ನ ಎ.ಸಿ.ಗೆ 1,500, ಅರ್ಧ ತುಂಬಿದ ಬ್ಯಾಟರಿಗೆ 500, ಟಿ.ವಿ., ಲ್ಯಾಪ್‌ಟಾಪ್, ಫೋನುಗಳಿಗೆ 200. ಒಟ್ಟು 2,200 ವ್ಯಾಟ್. ಮೋಆಬಿನಲ್ಲಿ ಕಡಿತ ಶೇ 14. ಗರಿಷ್ಠ 3,000, ಸತತ 2,800ರ ಯಂತ್ರ ಅಲ್ಲಿ ಗರಿಷ್ಠ 2,580, ಸತತ 2,400 ಕೊಡುತ್ತದೆ. ಓಡುವಾಗಿನ 2,200ನ್ನು ಅದು ತೂಗಿಸುತ್ತದೆ. ಆದರೆ ಎ.ಸಿ. ಶುರುವಾಗಲು 2,800, ಅದರ ಜೊತೆ ಈಗಾಗಲೇ ಓಡುತ್ತಿರುವ 700, ಒಟ್ಟು 3,500 ಬೇಕು. ಆಗುವುದಿಲ್ಲ. ಸಮುದ್ರಮಟ್ಟದ ಊರಿನಲ್ಲಿ ಬ್ಯಾಟರಿ ತುಂಬಿಕೊಂಡಿದ್ದಾಗ ಇದೇ ಯಂತ್ರ ಇದೇ ಎ.ಸಿ.ಯನ್ನು ಎಬ್ಬಿಸಿರಬಹುದು, ಅದನ್ನೇ ನಂಬಿ ಹೊರಟರೆ ಮೋಆಬಿನ ಬಿಸಿಲಿನಲ್ಲಿ ಕೆಂಪು ದೀಪ.

ಇದಕ್ಕೆ ಎರಡು ದಾರಿಗಳಿವೆ. ಸಾಫ್ಟ್ ಸ್ಟಾರ್ಟರ್ ಹಾಕಿದರೆ ಶುರುವಿನ ಎಳೆತ ಬಹಳಷ್ಟು ಇಳಿಯುತ್ತದೆ, ಆಗ ಇದೇ 3,000 ವರ್ಗದ ಯಂತ್ರ ಸಾಕಾಗುತ್ತದೆ. ಇಲ್ಲವೆ 2,200 ವ್ಯಾಟಿನ ಎರಡು ಯಂತ್ರಗಳನ್ನು ಸಮಾನಾಂತರ ಕೇಬಲ್ಲಿನಿಂದ ಜೋಡಿಸಿ. ಸಮುದ್ರಮಟ್ಟದಲ್ಲಿ ಒಟ್ಟು ಗರಿಷ್ಠ 4,400, ಸತತ 3,600; ಮೋಆಬಿನಲ್ಲಿ ಸುಮಾರು 3,780 ಮತ್ತು 3,100. ಈ ಎರಡನೆಯ ದಾರಿ ನನಗೆ ಇಷ್ಟ. ತಂಪಿನ ಊರಿಗೆ ಒಂದನ್ನೇ ಒಯ್ಯಬಹುದು, ಒಂದು ಕೆಟ್ಟರೆ ಇನ್ನೊಂದಿದೆ, ಬೆನ್ನಿಗೂ ಹಿತ: 2,200ರ ಯಂತ್ರ ಸುಮಾರು 21 ಕಿಲೊ, ಮೇಲೆ ಹೇಳಿದ ಇಯು3000ಐಎಸ್ ಸುಮಾರು 60 ಕಿಲೊ. ಅದನ್ನು ಪಿಕಪ್ಪಿನಿಂದ ಇಳಿಸಲು ಇಬ್ಬರು ಬೇಕು.

ನಮ್ಮ ಅಡುಗೆ ಸೇರಿಸಿದರೆ?

ಅತಿ ಭಾರದ ಹತ್ತು ನಿಮಿಷ ನಮ್ಮವರ ಆರ್‌ವಿಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಊಟಕ್ಕೆ ಮುಂಚೆ ಬರುತ್ತದೆ. ಎ.ಸಿ. ಓಡುತ್ತಿರುತ್ತದೆ, ಕುಕ್ಕರಿನಲ್ಲಿ ಅನ್ನ, ಯಾರೋ ನಿನ್ನೆಯ ಸಾರನ್ನು ಮೈಕ್ರೊವೇವಿಗೆ ಇಡುತ್ತಾರೆ, ಇನ್ನೊಬ್ಬರು ಚಟ್ನಿಗೆ ಮಿಕ್ಸಿ ತಿರುಗಿಸುತ್ತಾರೆ. 1,500, 1,000, 1,500, 700. ಒಟ್ಟು 4,700, 30 ಆಂಪಿಯರ್ ವಾಹನದಲ್ಲಿ ಯಾವ ಜನರೇಟರ್ ಇದ್ದರೂ ಬ್ರೇಕರ್ ಬೀಳಲೇಬೇಕು. ಇದನ್ನು ವ್ಯಾಟ್ ಕೊಂಡು ಗೆಲ್ಲಲಾಗದು. ಪ್ರೊಪೇನ್ ಒಲೆ ಇರುವುದೇ ಅಡುಗೆಗೆ: ಅನ್ನ, ಇಡ್ಲಿ, ಸಾರು ಎಲ್ಲವೂ ಅದರ ಮೇಲಾಗಲಿ. ಮಿಕ್ಸಿಗೂ ಮೈಕ್ರೊವೇವಿಗೂ ಬೇಕಾಗುವುದು ಎರಡು ಮೂರು ನಿಮಿಷ, ಅಷ್ಟು ಹೊತ್ತು ಎ.ಸಿ.ಯನ್ನು ಫ್ಯಾನಿಗೆ ಇಳಿಸಿದರೆ ಯಾರೂ ಬೆವರುವುದಿಲ್ಲ. ಈ ಶಿಸ್ತು ನಿಮ್ಮ ಕುಟುಂಬಕ್ಕೆ ಆಗಿಬರುವುದಿಲ್ಲ ಎಂದು ಗೊತ್ತಿದ್ದರೆ 50 ಆಂಪಿಯರಿನ ವಾಹನವನ್ನೇ ನೋಡಿ.

ಬಾಡಿಗೆಯ ಮೋಟರ್‌ಹೋಂ ತೆಗೆದುಕೊಳ್ಳುವವರು ಜನರೇಟರ್ ಆರಿಸಬೇಕಿಲ್ಲ. ಸಾಮಾನ್ಯವಾಗಿ 4,000 ವ್ಯಾಟಿನದು ಒಳಗೇ ಇರುತ್ತದೆ. ಅಡುಗೆಯ ಲೆಕ್ಕ ಅವರಿಗೂ ಅನ್ವಯ. ಅನೇಕ ಕಂಪನಿಗಳು ಜನರೇಟರಿಗೆ ಗಂಟೆಯ ಲೆಕ್ಕದಲ್ಲಿ ಬೇರೆ ಶುಲ್ಕ ಹಾಕುತ್ತವೆ, ಹೊರಡುವ ಮುನ್ನ ಗಂಟೆ ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ. ಇವು ವಾಹನದ ಟ್ಯಾಂಕಿನಿಂದಲೇ ಪೆಟ್ರೋಲ್ ಕುಡಿಯುತ್ತವೆ, ಅರ್ಧ ಭಾರದಲ್ಲಿ ಗಂಟೆಗೆ ಅರ್ಧ ಗ್ಯಾಲನ್ ಆಸುಪಾಸು. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಜನರೇಟರ್ ತಾನೇ ನಿಲ್ಲುತ್ತದೆ. ಕೆಟ್ಟಿತೆಂದು ಗಾಬರಿಯಾಗಬೇಡಿ, ನೀವು ಕಾಡಿನಲ್ಲಿ ಸಿಕ್ಕಿಬೀಳದಿರಲೆಂದೇ ಅದರ ಕೊಳವೆಯನ್ನು ಆ ಮಟ್ಟದಲ್ಲಿ ಇಟ್ಟಿರುತ್ತಾರೆ.

ಇಂಧನ, ಸದ್ದು, ಸಮಯ

ಸಾಮರ್ಥ್ಯದ ಕೊನೆಯ ಅಂಚಿನಲ್ಲಿ ಓಡಿಸಿದರೆ ಪೆಟ್ರೋಲ್ ಬೇಗ ಮುಗಿಯುತ್ತದೆ. 2,200ರ ಹೋಂಡಾದ ಟ್ಯಾಂಕಿಗೆ ಒಂದು ಗ್ಯಾಲನ್ನಿಗಿಂತ ತುಸು ಕಡಿಮೆ ಹಿಡಿಯುತ್ತದೆ. ಕಾಲು ಭಾರದಲ್ಲಿ ಅದು ಎಂಟು ಗಂಟೆ ಬಂದರೆ ಪೂರ್ಣ ಭಾರದಲ್ಲಿ ಮೂರು ಗಂಟೆ ಚಿಲ್ಲರೆ. ಸತತ ಸಾಮರ್ಥ್ಯದ ಶೇ 80ರೊಳಗೆ ನಿಮ್ಮ ಅಗತ್ಯ ಬರುವಂತೆ ಆರಿಸಿದರೆ ಎಂಜಿನ್ನಿಗೂ ಕಿವಿಗೂ ನೆಮ್ಮದಿ. ಪೆಟ್ರೋಲ್ ಮತ್ತು ಪ್ರೊಪೇನ್ ಎರಡರಲ್ಲೂ ಓಡುವ ಮಾದರಿ ಕೊಳ್ಳುವುದಾದರೆ ಪ್ರೊಪೇನಿನಲ್ಲಿ ಶೇ 10ರಷ್ಟು ಕಡಿಮೆ ಶಕ್ತಿ ಎಂದು ಲೆಕ್ಕ ಹಿಡಿಯಿರಿ. ಬದಲಿಗೆ ಸಿಗುವ ಲಾಭ ದೊಡ್ಡದು: ತಿಂಗಳುಗಟ್ಟಲೆ ಬಿಟ್ಟರೂ ಪ್ರೊಪೇನ್ ಕೆಡುವುದಿಲ್ಲ, ಕಾರ್ಬ್ಯುರೇಟರಿನಲ್ಲಿ ಅಂಟು ಕಟ್ಟುವುದಿಲ್ಲ.

ರಾಷ್ಟ್ರೀಯ ಉದ್ಯಾನಗಳಲ್ಲಿ 50 ಅಡಿ ದೂರದಲ್ಲಿ ಅಳೆದಾಗ ಸದ್ದು 60 ಡೆಸಿಬೆಲ್ ಮೀರಬಾರದೆಂಬ ನಿಯಮವಿದೆ. ಕಟ್ಟಡ ಕೆಲಸದವರು ಬಳಸುವ ತೆರೆದ ಚೌಕಟ್ಟಿನ ಜನರೇಟರ್ ಅಗ್ಗವೆಂದು ತಂದರೆ ಇಲ್ಲಿ ಸಿಕ್ಕಿಬೀಳುತ್ತೀರಿ, ಇನ್ವರ್ಟರ್ ಜನರೇಟರೇ ಬೇಕು. ಸಮಯದ ಕಟ್ಟುಪಾಡೂ ಇದೆ. ಯೊಸೆಮಿಟಿಯಲ್ಲಿ ಬೆಳಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7, ಅದೂ ಮಿತವಾಗಿ. ರಾತ್ರಿಯಿಡೀ ಎ.ಸಿ. ಓಡಿಸುವ ಆಸೆಗೆ ದೊಡ್ಡ ಜನರೇಟರ್ ಕೊಳ್ಳುವವರು ಈ ವೇಳಾಪಟ್ಟಿಯನ್ನು ಮೊದಲು ಓದಬೇಕು. ಸಿಗುವ ಎರಡು ಗಂಟೆಗಳಲ್ಲಿ ಬ್ಯಾಟರಿಗೆ ಎಷ್ಟು ತುಂಬಬಲ್ಲಿರಿ ಎಂಬುದು ಅಂಥ ಜಾಗದಲ್ಲಿ ಮುಖ್ಯ, ಮತ್ತು ಅದನ್ನು ನಿರ್ಧರಿಸುವುದು ಕನ್ವರ್ಟರಿನ ಆಂಪಿಯರ್, ಜನರೇಟರಿನ ವ್ಯಾಟ್ ಅಲ್ಲ. ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ಮಾತು: ಆ ರಾಜ್ಯದ ಹೊಗೆ ನಿಯಮಕ್ಕೆ ಒಪ್ಪಿಗೆ ಪಡೆದ ಮಾದರಿಯನ್ನೇ ಅಲ್ಲಿ ಮಾರಬೇಕು. ಬೇರೆ ರಾಜ್ಯದಿಂದ ಅಗ್ಗಕ್ಕೆ ತರಿಸುವ ಮುನ್ನ ಅದನ್ನು ನೋಡಿ.

ಜೋಡಿಸುವಾಗ

ಟ್ರೈಲರಿನ 30 ಆಂಪಿಯರ್ ಪ್ಲಗ್ ನೇರವಾಗಿ ಕೂರುವ ಔಟ್‌ಲೆಟ್ಟಿಗೆ ಟಿಟಿ-30 ಎಂದು ಹೆಸರು. ಅದಿರುವ ಯಂತ್ರವನ್ನೇ ಆರಿಸಿ, ಅಡಾಪ್ಟರಿನ ಗೋಜಿರುವುದಿಲ್ಲ. ವೋಲ್ಟೇಜ್ ರಕ್ಷಣೆಯ ಪೆಟ್ಟಿಗೆ ಹಾಕಿಕೊಂಡಿರುವವರಿಗೆ ಹೊಸ ಜನರೇಟರ್ ಹಚ್ಚಿದ ದಿನವೇ ‘ಗ್ರೌಂಡ್ ಇಲ್ಲ’ ಎಂಬ ದೋಷ ತೋರಿಸಿ ವಿದ್ಯುತ್ ಒಳಗೇ ಬಿಡದಿರಬಹುದು. ಕೈಯಲ್ಲಿ ಒಯ್ಯುವ ಬಹುತೇಕ ಇನ್ವರ್ಟರ್ ಜನರೇಟರುಗಳಲ್ಲಿ ನ್ಯೂಟ್ರಲ್ ತಂತಿಯನ್ನು ಗ್ರೌಂಡಿಗೆ ಸೇರಿಸಿರುವುದಿಲ್ಲ, ದೋಷ ಬರುವುದು ಅದರಿಂದ. ಬಾಂಡಿಂಗ್ ಪ್ಲಗ್ ಎಂಬ ಸಣ್ಣ ವಸ್ತುವನ್ನು ಜನರೇಟರಿನ ಖಾಲಿ ಔಟ್‌ಲೆಟ್ಟಿಗೆ ಸಿಕ್ಕಿಸಿದರೆ ಸರಿಹೋಗುತ್ತದೆ.

ಹೊಗೆಯ ವಿಷಯದಲ್ಲಿ ರಾಜಿಯೇ ಇಲ್ಲ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಕನಿಷ್ಠ 20 ಅಡಿ ದೂರವಿಡಿ, ಹೊಗೆಯ ಬಾಯಿ ನಿಮ್ಮ ಕಡೆಗೂ ಪಕ್ಕದವರ ಕಡೆಗೂ ಇರದಿರಲಿ. ಆ ದೂರಕ್ಕೆ ತಕ್ಕ ದಪ್ಪ ಕೇಬಲ್ ಬೇಕು: 30 ಆಂಪಿಯರಿಗೆ 10 ಗೇಜಿನದು. ಆರ್‌ವಿಯೊಳಗಿನ ಕಾರ್ಬನ್ ಮೊನಾಕ್ಸೈಡ್ ಪತ್ತೆಯಂತ್ರದ ಪರೀಕ್ಷಾ ಗುಂಡಿಯನ್ನು ಪ್ರತಿ ಪ್ರಯಾಣಕ್ಕೂ ಮುನ್ನ ಒತ್ತಿ ನೋಡಿ. ವಿಷಾನಿಲ ಹೆಚ್ಚಾದರೆ ತಾನೇ ನಿಲ್ಲುವ ಜನರೇಟರುಗಳು ಈಗ ಸಿಗುತ್ತವೆ, ಅಂಥದ್ದನ್ನೇ ಕೊಳ್ಳಿ.

ಕೊಳ್ಳುವ ಮುನ್ನ ಒಮ್ಮೆ ಅಳೆಯಿರಿ

ಒಮ್ಮೆ ಎಣ್ಣೆ, ಪೆಟ್ರೋಲ್ ತುಂಬಿದ ಜನರೇಟರನ್ನು ಹಲವು ಅಂಗಡಿಗಳು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಪರೀಕ್ಷೆ ಹಣ ಕೊಡುವ ಮೊದಲೇ ಆಗಬೇಕು. ಬಿಸಿ ಮಧ್ಯಾಹ್ನ ಆರ್‌ವಿಯನ್ನು ಪಾರ್ಕಿನ ಕಂಬಕ್ಕೆ ಜೋಡಿಸಿ, ನೀವು ನಿಜವಾಗಿ ಬಳಸುವ ಉಪಕರಣಗಳನ್ನು ಹಾಕಿ, ಎ.ಸಿ. ಅರ್ಧ ಗಂಟೆ ಓಡಲಿ. ರಕ್ಷಣೆಯ ಪೆಟ್ಟಿಗೆಯ ಪರದೆಯಲ್ಲಿ ಆಂಪಿಯರ್ ಕಾಣಿಸುತ್ತದೆ. ಅದಿಲ್ಲದಿದ್ದರೆ ಕಂಬಕ್ಕೂ ಕೇಬಲ್ಲಿಗೂ ನಡುವೆ ಸಿಕ್ಕಿಸುವ ಮೀಟರ್ ಸಿಗುತ್ತದೆ. ಬಂದ ಸಂಖ್ಯೆಯನ್ನು 120ರಿಂದ ಗುಣಿಸಿ, ನೀವು ಹೋಗುವ ಅತಿ ಎತ್ತರದ ಬಿಸಿ ಊರಿನ ಕಡಿತ ಸೇರಿಸಿ, ಅದು ಜನರೇಟರಿನ ಸತತ ಸಾಮರ್ಥ್ಯದ ಶೇ 80ರೊಳಗೆ ಬರುವಂತೆ ಆರಿಸಿ. 120ರಿಂದ ಗುಣಿಸಿ ಬಂದ ಅಂಕಿಯೇ 30 ಆಂಪಿಯರ್ ವಾಹನದಲ್ಲಿ 3,600 ದಾಟಿದರೆ ಜನರೇಟರ್ ಹುಡುಕುವುದನ್ನು ನಿಲ್ಲಿಸಿ, ಒಟ್ಟಿಗೆ ಓಡುವ ಉಪಕರಣಗಳ ಪಟ್ಟಿಯಿಂದ ಒಂದನ್ನು ಹೊಡೆದುಹಾಕಿ.